ಅರವತ್ತು ಸಾವಿರಕ್ಕೆ ದೆಹಲಿಯ ಕಲಾಮೇಳದಲ್ಲಿ ಏನು ಸಿಗುತ್ತದೆ?

ಪ್ರಶ್ನೆ: ನಾನು ಉಡುಪಿ ಸಮೀಪದ ನಿವೃತ್ತ ಶಿಕ್ಷಕಿ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗುವ ಅಭ್ಯಾಸವಿದೆ, ಎರಡು ಮೂರು ಸಾವಿರದ ಚಿತ್ರಗಳನ್ನು ಕೊಂಡದ್ದೂ ಇದೆ. ಮಗ ಗುರುಗ್ರಾಮದಲ್ಲಿದ್ದಾನೆ. ಬರುವ ಫೆಬ್ರುವರಿಯಲ್ಲಿ ಅವನಲ್ಲಿಗೆ ಹೋದಾಗ ಇಂಡಿಯಾ ಆರ್ಟ್ ಫೇರ್ ನೋಡಿ, ಸಾಧ್ಯವಾದರೆ ಒಂದೆರಡು ಕಲಾವಿದರ ಸ್ಟುಡಿಯೊಗಳಿಗೂ ಹೋಗಿ, ಹೊಸ ಮನೆಯ ಹಾಲ್‌ಗೆ ಒಂದು ಒಳ್ಳೆಯ ಕೃತಿ ತರಬೇಕೆಂದಿದ್ದೇನೆ. ಅರವತ್ತು ಸಾವಿರ ಎತ್ತಿಟ್ಟಿದ್ದೇನೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ‘ಅದು ಕೋಟ್ಯಧೀಶರ ಜಾಗ, ನಿನ್ನನ್ನು ಮಾತಾಡಿಸುವವರೂ ಇರುವುದಿಲ್ಲ’ ಎನ್ನುತ್ತಾನೆ ಮಗ. ‘ಸ್ಟುಡಿಯೊಗೆ ನೇರ ಹೋದರೆ ಅರ್ಧ ಬೆಲೆ’ ಎನ್ನುತ್ತಾಳೆ ತಂಗಿ. ಪ್ರಿಂಟ್ ಎಂದರೆ ಜೆರಾಕ್ಸ್, ಅದಕ್ಕೆ ದುಡ್ಡು ಸುರಿಯಬೇಡ ಎನ್ನುತ್ತಾರೆ ಯಜಮಾನರು. ಕೊಳ್ಳುವುದಾದರೆ ಮುಂದೆ ಬೆಲೆ ಏರುವಂಥದ್ದೇ ಇರಲಿ ಎನ್ನುವುದೂ ಅವರೇ. ನಮ್ಮೂರ ಮಳೆಗಾಲದಲ್ಲಿ ಅದು ಉಳಿದೀತೇ ಎಂಬುದು ನನ್ನ ಭಯ. ಮೋಸ ಹೋಗದಿರಲು ಏನು ಮಾಡಬೇಕು? ಮುಂದೆ ಅಮೆರಿಕದಲ್ಲಿರುವ ಮಗಳಿಗೆ ಕೊಡಬೇಕೆನಿಸಿದರೆ ದೇಶದಿಂದ ಹೊರಗೆ ಒಯ್ಯಲು ಅಡ್ಡಿ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇದ್ದರೂ ಅಳುಕು ಒಂದೇ. ಗುರುತಿಲ್ಲದ ಜಾಗ, ಬೆಲೆ ಬರೆದಿರದ ವಸ್ತು, ಕೊಡಬೇಕಾದದ್ದು ಮಾತ್ರ ದೊಡ್ಡ ಮೊತ್ತ. ಈ ಅಳುಕು ಒಳ್ಳೆಯದೇ. ಮೇಳಗಳಲ್ಲಿ ತಪ್ಪು ಖರೀದಿ ಮಾಡುವವರು ಬಹುಪಾಲು ಅಳುಕಿಲ್ಲದವರು.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೇಳವನ್ನು ನೋಡುವುದಕ್ಕೆ, ಕೇಳುವುದಕ್ಕೆ, ಹೆಸರು ಬರೆದುಕೊಳ್ಳುವುದಕ್ಕೆ ಇಟ್ಟುಕೊಳ್ಳಿ. ದುಡ್ಡು ಕೊಡುವ ತೀರ್ಮಾನ ಅಲ್ಲಿಂದ ಹೊರಬಂದ ಮೇಲಿರಲಿ. ನಿಮ್ಮ ಮೊತ್ತಕ್ಕೆ ಬದುಕಿರುವ ಕಲಾವಿದರ ಕಾಗದದ ಮೇಲಿನ ಕೆಲಸ, ಅಂದರೆ ರೇಖಾಚಿತ್ರ, ಜಲವರ್ಣ ಅಥವಾ ಮೂಲ ಮುದ್ರಣಚಿತ್ರ, ದೊಡ್ಡ ಕ್ಯಾನ್ವಾಸಿಗಿಂತ ಉತ್ತಮ. ಮತ್ತು ಅರವತ್ತು ಸಾವಿರವೂ ಕೃತಿಗೇ ಅಲ್ಲ.

ಕೋಟ್ಯಧೀಶರ ಜಾಗವೇ?

ಅರ್ಧ ನಿಜ. ಈ ಮೇಳ 2008ರಲ್ಲಿ ಪ್ರಗತಿ ಮೈದಾನದಲ್ಲಿ ‘ಇಂಡಿಯಾ ಆರ್ಟ್ ಸಮಿಟ್’ ಎಂಬ ಹೆಸರಿನಲ್ಲಿ ಶುರುವಾಯಿತು. 2012ರಲ್ಲಿ ಹೆಸರು ಬದಲಿಸಿಕೊಂಡು ಓಖ್ಲಾದ ಎನ್‌ಎಸ್‌ಐಸಿ ಮೈದಾನಕ್ಕೆ ಬಂತು. 2025ರಲ್ಲಿ 120 ಪ್ರದರ್ಶಕರಿದ್ದರು. ಫೆಬ್ರುವರಿಯ ಮೊದಲ ಭಾಗದಲ್ಲಿ ಗುರುವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಗುರುವಾರ ಆಹ್ವಾನಿತರ ದಿನ. ದೊಡ್ಡ ಸಂಗ್ರಾಹಕರು, ಮ್ಯೂಸಿಯಂನವರು ಅಂದೇ ಬಂದು ಹೋಗುತ್ತಾರೆ. ಕೋಟಿಗಳ ವ್ಯವಹಾರವೂ ಬಹುಮಟ್ಟಿಗೆ ಅಂದೇ, ಕೆಲವು ಸಲ ಅದಕ್ಕೂ ಮೊದಲೇ ಫೋನಿನಲ್ಲಿ, ಮುಗಿದಿರುತ್ತದೆ. ಆಮೇಲಿನ ದಿನಗಳು ಟಿಕೆಟಿನವರವು. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ. ದಿನಕ್ಕೊಂದು ದರ, ದಿನಕ್ಕೊಂದು ಪ್ರವೇಶದ ಸಮಯ ಇರಬಹುದು, ಅದನ್ನು ನೋಡಿಯೇ ದಿನ ಆರಿಸಿ. ಆಯ್ಕೆ ಇದ್ದರೆ ಶುಕ್ರವಾರವೇ ಹೋಗಿ. ಶನಿವಾರ, ಭಾನುವಾರ ಮಧ್ಯಾಹ್ನದ ಮೇಲೆ ಸೆಲ್ಫಿಯವರ ನೂಕುನುಗ್ಗಲು. ಮಳಿಗೆಯವರಿಗೆ ನಿಮ್ಮ ಜೊತೆ ಐದು ನಿಮಿಷ ನಿಂತು ಮಾತಾಡುವ ವ್ಯವಧಾನ ಇರುವುದಿಲ್ಲ.

ಚಿತ್ರಸಂತೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಮಾರುವವರದು. ಕುಮಾರಕೃಪಾ ರಸ್ತೆಯಲ್ಲಿ ಬರೆದವರೇ ಚಿತ್ರದ ಪಕ್ಕ ನಿಂತಿರುತ್ತಾರೆ. ಬೆಲೆ ಕೇಳಿದರೆ ಹೇಳುತ್ತಾರೆ, ಚೌಕಾಶಿಯೂ ನಡೆಯುತ್ತದೆ. ಓಖ್ಲಾದಲ್ಲಿ ಮಳಿಗೆ ಗ್ಯಾಲರಿಯದು. ಗೋಡೆಯ ಮೇಲೆ ಬೆಲೆ ಇರುವುದಿಲ್ಲ, ಎಷ್ಟೋ ಕಡೆ ಹೆಸರಿನ ಚೀಟಿಯೂ ಇರುವುದಿಲ್ಲ. ಅದು ನಿಮ್ಮನ್ನು ದೂರ ಇಡುವ ಉಪಾಯವೇನಲ್ಲ. ಬೆಲೆ ಕಂಡರೆ ಜನ ಚಿತ್ರ ಬಿಟ್ಟು ಅಂಕಿ ನೋಡುತ್ತಾರೆ ಎಂಬುದು ಗ್ಯಾಲರಿಗಳ ಹಳೆಯ ನಂಬಿಕೆ. ಮೇಜಿನ ಮೇಲೋ ಟ್ಯಾಬ್‌ನಲ್ಲೋ ಬೆಲೆಪಟ್ಟಿ ಇದ್ದೇ ಇರುತ್ತದೆ. ‘ಪ್ರೈಸ್ ಲಿಸ್ಟ್ ಕೊಡಿ’ ಎಂದು ಕೇಳುವುದು ಅತಿ ಸಾಮಾನ್ಯ. ಅದಕ್ಕಿಂತಲೂ ಕೆಲಸಕ್ಕೆ ಬರುವ ಮಾತು: ‘ನನ್ನ ಬಜೆಟ್ ಐವತ್ತು ಸಾವಿರದೊಳಗೆ, ಈ ಕಲಾವಿದರದು ಕಾಗದದ ಮೇಲೆ ಏನಾದರೂ ಇದೆಯೇ?’ ಹೀಗೆ ಕೇಳಿದ ಮೇಲೆ, ಗೋಡೆಗೆ ಹಾಕದೆ ಒಳಗಿನ ಪುಟ್ಟ ಸ್ಟೋರಿನಲ್ಲಿ ಇಟ್ಟಿರುವ ಫೋಲಿಯೊಗಳು ಹೊರಗೆ ಬರುತ್ತವೆ. ನಿಮ್ಮ ಕೃತಿ ಇರುವುದು ಬಹುಶಃ ಅದರಲ್ಲೇ. ಮಾತಾಡಿಸದೆ ಕಳಿಸುವ ಮಳಿಗೆಗಳೂ ಇವೆ, ಸುಳ್ಳೇಕೆ ಹೇಳಲಿ. ಅವುಗಳ ಪಕ್ಕದಲ್ಲೇ ಮಾತಾಡಿಸುವ ಮಳಿಗೆಯೂ ಇರುತ್ತದೆ.

ಚೀಟಿ ಇದ್ದರೆ ಅದರಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ ಇರುತ್ತವೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. 22 × 30 ಇಂಚು ಎಂದರೆ ಅಡ್ಡಡ್ಡ ಚಿತ್ರ. ಹಾಲ್‌ನ ಗೋಡೆಯ ಅಳತೆಯನ್ನು ಊರಿನಲ್ಲೇ ಬರೆದುಕೊಂಡು ಹೋಗಿ. ಮೇಳದ ಡೇರೆಯ ಗೋಡೆಗಳು ಎತ್ತರವಾಗಿರುವುದರಿಂದ ಅಲ್ಲಿ ಸಣ್ಣದಾಗಿ ಕಂಡದ್ದು ಮನೆಯಲ್ಲಿ ಗೋಡೆ ತುಂಬಿಬಿಡುತ್ತದೆ. ಪಕ್ಕದಲ್ಲಿ ಕೆಂಪು ಚುಕ್ಕೆ ಇದ್ದರೆ ಮಾರಾಟವಾಗಿದೆ ಎಂದರ್ಥ. ಆದರೆ ಅದು ಮುದ್ರಣಚಿತ್ರವಾಗಿದ್ದರೆ ಇನ್ನೊಂದು ಪ್ರತಿ ಉಳಿದಿರಬಹುದು, ಕೇಳಿ.

ಚಿತ್ರವೇ ಅಲ್ಲದ ಕೃತಿಗಳೂ ಬೇಕಾದಷ್ಟಿರುತ್ತವೆ. ‘ಇದೂ ಕಲೆಯೇ?’ ಎನ್ನಿಸಿದರೆ ಅದು ನಿಮ್ಮ ಅಜ್ಞಾನವಲ್ಲ. ವಸ್ತು ಯಾವುದು, ಎಲ್ಲಿಯದು ಎಂದು ಕೇಳಿ ನೋಡಿ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ 2009ರ ಒಂದು ಕೃತಿ, ಕಾರಿನ ಬಂಪರುಗಳು ಮತ್ತು ಅವನ್ನು ಹಿಡಿದಿಟ್ಟ ಕೂದಲಿನ ಹಗ್ಗಗಳದು, ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ದೃಷ್ಟಿಯಾಗದಿರಲೆಂದು ಗಾಡಿಗೆ ಕೂದಲ ಹಗ್ಗ ಕಟ್ಟುವುದನ್ನು ಕಂಡ ನಮ್ಮ ಕಡೆಯವರಿಗೆ ಅದು ಲಂಡನ್ನಿನವರಿಗಿಂತ ಬೇಗ ಅರ್ಥವಾಗುತ್ತದೆ.

ಸ್ಟುಡಿಯೊದಲ್ಲಿ ಅರ್ಧ ಬೆಲೆ ಎಂಬ ಮಾತು

ಈ ನಂಬಿಕೆಗೆ ಮೂಲ ಇದೆ. ಗ್ಯಾಲರಿ ಒಂದು ಕೃತಿ ಮಾರಿದರೆ ಬೆಲೆಯ ನಲವತ್ತರಿಂದ ಐವತ್ತು ಭಾಗ ತಾನು ಇಟ್ಟುಕೊಳ್ಳುವುದು ರೂಢಿ. ಮಳಿಗೆಯ ಬಾಡಿಗೆ, ಸಾಗಣೆ, ವಿಮೆ, ಸಿಬ್ಬಂದಿ ಎಲ್ಲ ಅದರಲ್ಲೇ. ಹಾಗಾದರೆ ನಡುವಿನವರನ್ನು ಬಿಟ್ಟರೆ ಅರ್ಧ ಉಳಿಯಿತಲ್ಲ ಎಂಬುದು ನಿಮ್ಮ ತಂಗಿಯ ಲೆಕ್ಕ. ಆದರೆ ಗ್ಯಾಲರಿಯೊಂದಿಗೆ ಒಪ್ಪಂದವಿರುವ ಕಲಾವಿದರಿಗೆ ಸ್ಟುಡಿಯೊದಲ್ಲೂ ಅದೇ ಬೆಲೆ. ಕಡಿಮೆಗೆ ಕೊಟ್ಟ ಸುದ್ದಿ ಹೊರಬಿದ್ದರೆ ಹಿಂದೆ ಪೂರ್ತಿ ಬೆಲೆ ಕೊಟ್ಟವರೆಲ್ಲ ಮುನಿಯುತ್ತಾರೆ, ಗ್ಯಾಲರಿ ಕೈಬಿಡುತ್ತದೆ, ಕಲಾವಿದರ ಬೆಲೆಯೇ ಕುಸಿಯುತ್ತದೆ. ಅಂಥವರ ಮನೆಗೆ ಹೋಗಿ ‘ಬಿಲ್ ಬೇಡ, ಅರ್ಧಕ್ಕೆ ಕೊಡಿ’ ಎಂದರೆ ಚಹಾ ಕುಡಿಸಿ ಕಳಿಸುತ್ತಾರೆ, ಅಷ್ಟೇ. ಒಂದು ವೇಳೆ ಒಪ್ಪಿದರೂ ನಿಮಗೆ ಸಿಗುವುದು ದಾಖಲೆ ಇಲ್ಲದ ಕೃತಿ.

ಗ್ಯಾಲರಿ ಇಲ್ಲದ ಯುವ ಕಲಾವಿದರ ವಿಷಯ ಬೇರೆ. ಅವರಿಂದ ನೇರವಾಗಿ ಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ, ಬೆಲೆಯೂ ಹಿಡಿತದಲ್ಲಿರುತ್ತದೆ, ದುಡ್ಡು ಪೂರ್ತಿ ಅವರ ಕೈಗೇ ಹೋಗುತ್ತದೆ. ಅಪಾಯ ಏನೆಂದರೆ, ಮುಂದೆ ಕೃತಿಗೆ ಏನಾದರೂ ಆದರೆ ಅಥವಾ ಅದರ ಮೂಲ ಕೇಳುವ ಸಂದರ್ಭ ಬಂದರೆ ಉತ್ತರಿಸಲು ನಡುವೆ ಸಂಸ್ಥೆ ಇರುವುದಿಲ್ಲ. ಹಾಗಾಗಿ ಕಾಗದಪತ್ರವನ್ನು ನೀವೇ ಕೇಳಿ ಬರೆಸಿಕೊಳ್ಳಬೇಕು. ಅದು ಏನೆಂದು ಮುಂದೆ ಹೇಳಿದ್ದೇನೆ.

ದೆಹಲಿಯಲ್ಲಿ ಸ್ಟುಡಿಯೊ ನೋಡಲು ಮೂರು ದಾರಿ. ಮೊದಲನೆಯದು ಖಿರ್ಕಿ ಎಕ್ಸ್‌ಟೆನ್ಷನ್‌ನಲ್ಲಿರುವ ಖೋಜ್. 1997ರಲ್ಲಿ ಕಲಾವಿದರೇ ಸೇರಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ಕೆಲವು ವಾರ ಉಳಿದು ಕೆಲಸ ಮಾಡುವ ಕಲಾವಿದರು ಕೊನೆಗೆ ‘ಓಪನ್ ಸ್ಟುಡಿಯೊ’ ಇಟ್ಟು ಎಲ್ಲರನ್ನೂ ಒಳಗೆ ಬಿಡುತ್ತಾರೆ. ದಿನಾಂಕ ಮೊದಲೇ ಪ್ರಕಟವಾಗುತ್ತದೆ. ಕೊಳ್ಳುವ ಜಾಗಕ್ಕಿಂತ ಕೆಲಸ ಹೇಗೆ ಹುಟ್ಟುತ್ತದೆ ಎಂದು ನೋಡುವ ಜಾಗ ಎಂದು ತಿಳಿಯಿರಿ. ಎರಡನೆಯದು ಲಲಿತ ಕಲಾ ಅಕಾಡೆಮಿಯ ಗಢಿ ಸ್ಟುಡಿಯೊಗಳು. ಈಸ್ಟ್ ಆಫ್ ಕೈಲಾಶ್ ಬಳಿ, ಹಳೆಯ ಗಢಿಯೊಂದರ, ಅಂದರೆ ಪುಟ್ಟ ಕೋಟೆಯ, ಆವರಣದಲ್ಲಿ, 1976ರಿಂದ ನಡೆಯುತ್ತಿವೆ. ಮುದ್ರಣ, ಶಿಲ್ಪ, ಸೆರಾಮಿಕ್ ವಿಭಾಗಗಳಲ್ಲಿ ಕಲಾವಿದರು ಒಟ್ಟಿಗೆ ಕೆಲಸ ಮಾಡುತ್ತಾರೆ. ತಗಡಿನಿಂದ ಕಾಗದಕ್ಕೆ ಚಿತ್ರ ಒತ್ತುವ ಎಚಿಂಗ್ ಪ್ರೆಸ್ ತಿರುಗುವುದನ್ನು ಒಂದು ಸಲ ಕಣ್ಣಾರೆ ನೋಡಿದರೆ ಜೆರಾಕ್ಸ್ ವಾದ ತಾನಾಗಿ ಮುಗಿಯುತ್ತದೆ; ಯಜಮಾನರನ್ನೂ ಕರೆದುಕೊಂಡು ಹೋಗಿ. ಹೋಗುವ ಮೊದಲು ಕಚೇರಿಗೆ ಫೋನ್ ಮಾಡಿ ವಾರದ ದಿನ, ಕಚೇರಿ ವೇಳೆಯಲ್ಲಿ ಹೋಗುವುದು ಮೇಲು.

ಮೂರನೆಯದು ಖಾಸಗಿ ಸ್ಟುಡಿಯೊ. ಮೇಳದಲ್ಲಿ ಇಷ್ಟವಾದ ಕಲಾವಿದರ ಗ್ಯಾಲರಿಯವರನ್ನೇ ‘ಸ್ಟುಡಿಯೊ ನೋಡಬಹುದೇ’ ಎಂದು ಕೇಳಿ. ಗ್ಯಾಲರಿ ಇಲ್ಲದವರಿಗೆ ಎರಡು ವಾರ ಮೊದಲೇ ಚಿಕ್ಕ ಇಮೇಲ್ ಬರೆಯಿರಿ: ನೀವು ಯಾರು, ಅವರ ಯಾವ ಕೆಲಸವನ್ನು ಎಲ್ಲಿ ನೋಡಿದಿರಿ, ಎಷ್ಟು ಜನ ಬರುತ್ತೀರಿ, ಯಾವ ಎರಡು ದಿನ ನಿಮಗೆ ಆಗುತ್ತದೆ, ಇಷ್ಟು ಸಾಕು. ಮೇಳದ ವಾರದಲ್ಲೇ ಭೇಟಿ ಕೇಳಿದರೆ ಬಹಳ ಜನ ಆಗದು ಎನ್ನುತ್ತಾರೆ, ಅವರೂ ಓಖ್ಲಾದಲ್ಲೇ ಇರುತ್ತಾರೆ. ಮುಂದಿನ ವಾರ ಕೇಳಿ. ಒಂದು ಗಂಟೆ ಮೀರದಿರಲಿ. ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸುಗಳನ್ನು ನೀವೇ ತಿರುಗಿಸಿ ನೋಡಬೇಡಿ. ತೈಲವರ್ಣದ ದಪ್ಪ ಪದರ ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ, ಬೆರಳ ಗುರುತು ಹಾಗೇ ಉಳಿಯುತ್ತದೆ. ಮುಗಿಯದ ಕೃತಿಯ ಫೋಟೊ ಕೇಳದೆ ತೆಗೆಯಬೇಡಿ. ಸ್ಟುಡಿಯೊಗೆ ಹೋದ ಮಾತ್ರಕ್ಕೆ ಕೊಳ್ಳಲೇಬೇಕಾಗಿಲ್ಲ, ಅವರೂ ಹಾಗೆ ಎಣಿಸುವುದಿಲ್ಲ. ಆದರೆ ಕೊಳ್ಳುತ್ತೇನೆಂಬ ಆಸೆ ಹುಟ್ಟಿಸಿ ಆಮೇಲೆ ಫೋನ್ ಎತ್ತದಿರುವವರು ಈ ವಲಯದಲ್ಲಿ ಬೇಗ ಹೆಸರುವಾಸಿಯಾಗುತ್ತಾರೆ.

ಪ್ರಿಂಟ್ ಎಂದರೆ ಜೆರಾಕ್ಸ್ ಅಲ್ಲ, ಕೆಲವು ಸಲ ಹೌದು

ನಮ್ಮ ಮನೆಗಳಿಗೆ ‘ಪ್ರಿಂಟ್’ ಬಂದದ್ದೇ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ರೂಪದಲ್ಲಿ. 1894ರಲ್ಲಿ ಮುಂಬಯಿಯಲ್ಲಿ ಅವನ ಪ್ರೆಸ್ ಶುರುವಾದ ಮೇಲೆ ತೈಲಚಿತ್ರಗಳ ಪ್ರತಿಗಳು ಸಾವಿರಗಟ್ಟಲೆ ಹೊರಬಂದವು. ಹಾಗಾಗಿ ಮೂಲ ಬೇರೆ ಎಲ್ಲೋ ಇದೆ, ಪ್ರಿಂಟ್ ಅದರ ನಕಲು ಎಂಬ ತಿಳಿವಳಿಕೆ ನಿಂತುಬಿಟ್ಟಿದೆ. ಎಚಿಂಗ್, ವುಡ್‌ಕಟ್, ಲಿಥೋಗ್ರಾಫ್‌ಗಳಲ್ಲಿ ಹಾಗಿಲ್ಲ. ಕಲಾವಿದರು ತಾಮ್ರ ಅಥವಾ ಸತುವಿನ ತಗಡಿನ ಮೇಲೋ ಮರದ ಹಲಗೆಯ ಮೇಲೋ ಕಲ್ಲಿನ ಮೇಲೋ ನೇರವಾಗಿ ಚಿತ್ರ ಮಾಡುತ್ತಾರೆ. ಕಾಗದದ ಮೇಲೆ ಒತ್ತಿದ್ದೇ ಮೂಲ ಕೃತಿ, ಬೇರೆ ಮೂಲ ಇಲ್ಲ. ಇಂತಿಷ್ಟೇ ಪ್ರತಿ ಎಂದು ಮೊದಲೇ ಗೊತ್ತುಮಾಡಿ, ಪ್ರತಿಯೊಂದಕ್ಕೂ ಪೆನ್ಸಿಲ್‌ನಲ್ಲಿ ಸಂಖ್ಯೆ ಹಾಕುತ್ತಾರೆ. ಎಡಗಡೆ ಕೆಳಗೆ 7/30 ಎಂದಿದ್ದರೆ ಮೂವತ್ತರಲ್ಲಿ ಏಳನೆಯದು. ಬಲಗಡೆ ಸಹಿ ಮತ್ತು ವರ್ಷ. ‘ಎ/ಪಿ’ ಎಂದಿದ್ದರೆ ಕಲಾವಿದರು ತಮಗೆಂದು ಇಟ್ಟುಕೊಂಡ ಪ್ರತಿ. ಇವು ಒಟ್ಟು ಸಂಖ್ಯೆಯ ಹತ್ತನೇ ಒಂದು ಭಾಗದಷ್ಟಿದ್ದರೆ ಸಹಜ. 7 ಆಗಲಿ 27 ಆಗಲಿ ಬೆಲೆಯಲ್ಲಿ ವ್ಯತ್ಯಾಸ ಇರಬಾರದು. ಒಟ್ಟು ಸಂಖ್ಯೆ ಮುಖ್ಯ: 15ರ ಎಡಿಷನ್ 150ರದಕ್ಕಿಂತ ದುಬಾರಿಯಾಗುವುದು ನ್ಯಾಯ.

ಗೊಂದಲ ಹುಟ್ಟಿಸುವುದು ಇನ್ನೊಂದು ಬಗೆ. ಪ್ರಸಿದ್ಧರ ಕ್ಯಾನ್ವಾಸಿನ ಫೋಟೊ ತೆಗೆದು ಒಳ್ಳೆಯ ಇಂಕ್‌ಜೆಟ್‌ನಲ್ಲಿ ಅಚ್ಚು ಹಾಕಿ ‘ಲಿಮಿಟೆಡ್ ಎಡಿಷನ್’ ಎಂದು ಮಾರುತ್ತಾರೆ; ಹಾಳೆಯಲ್ಲಿ ಸಹಿಯೂ ಇರಬಹುದು. ಅದು ಮೋಸವಲ್ಲ, ಆದರೆ ಅದು ನಕಲೇ. ಅದಕ್ಕೆ ಐವತ್ತು ಸಾವಿರ ಕೊಟ್ಟರೆ ನಿಮ್ಮ ಯಜಮಾನರ ಮಾತೇ ಸರಿ. ಫೋಟೊಗ್ರಫಿಯನ್ನೇ ಮಾಧ್ಯಮ ಮಾಡಿಕೊಂಡ ಕಲಾವಿದರ ಪ್ರಿಂಟ್ ಮಾತ್ರ ಈ ಸಾಲಿಗೆ ಸೇರುವುದಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಹತ್ತುಪಟ್ಟು ದೊಡ್ಡದಾಗಿಸಿ ತೋರಿಸುವ ಮಡಿಚುವ ಮಸೂರ ಒಂದು ಚೀಲದಲ್ಲಿರಲಿ. ಕೇಳಿಯೇ ನೋಡಿ, ಯಾರೂ ಬೇಡ ಎನ್ನುವುದಿಲ್ಲ. ಇಂಕ್‌ಜೆಟ್ ಅಥವಾ ಆಫ್‌ಸೆಟ್ ಆಗಿದ್ದರೆ ಗೆರೆಯೊಳಗೆ ಬಣ್ಣಬಣ್ಣದ ಸಣ್ಣ ಚುಕ್ಕೆಗಳು ಕಾಣುತ್ತವೆ. ಎಚಿಂಗ್‌ನಲ್ಲಿ ಗೆರೆ ಇಡಿಯಾಗಿ, ಶಾಯಿ ಕಾಗದಕ್ಕಿಂತ ಕೂದಲೆಳೆಯಷ್ಟು ಎದ್ದು ನಿಂತಿರುತ್ತದೆ; ಒದ್ದೆ ಮಾಡಿದ ದಪ್ಪ ಕಾಗದವನ್ನು ಪ್ರೆಸ್ಸಿನ ಭಾರದಡಿ ಒತ್ತುವುದರಿಂದ ಚಿತ್ರದ ಸುತ್ತ ತಗಡಿನ ಅಂಚಿನ ತಗ್ಗು ಗುರುತು ಉಳಿದಿರುತ್ತದೆ. ಓರೆ ಬೆಳಕಿನಲ್ಲಿ ನೋಡಿದರೆ ಸ್ಪಷ್ಟ. ವುಡ್‌ಕಟ್‌ನಲ್ಲಿ ಮರದ ನಾರಿನ ಎಳೆ ಕಾಣಬಹುದು. ಸೆರಿಗ್ರಾಫ್‌ನಲ್ಲಿ, ಅಂದರೆ ಸ್ಕ್ರೀನ್ ಪ್ರಿಂಟ್‌ನಲ್ಲಿ, ಬಣ್ಣ ಒಂದೇ ಸಮನೆ ದಪ್ಪ ಪೊರೆಯಂತೆ ಕೂತಿರುತ್ತದೆ, ಅಂಚು ಚೂಪಾಗಿರುತ್ತದೆ. ಲಿಥೋಗ್ರಾಫ್ ಒಂದೇ ಸ್ವಲ್ಪ ಕಣ್ಣು ತಪ್ಪಿಸುತ್ತದೆ, ತಗ್ಗು ಗುರುತು ಅದಕ್ಕಿರುವುದಿಲ್ಲ. ಆದರೂ ಕ್ರೆಯಾನಿನ ಎಳೆಯಲ್ಲಿ ಕ್ರಮಬದ್ಧ ಚುಕ್ಕೆಗಳಿರಬಾರದು.

ದುಡ್ಡು ಮತ್ತು ಕಾಗದಪತ್ರ

ಕೈಯಲ್ಲಿ ಮಾಡಿದ ಚಿತ್ರಗಳಿಗೆ, ಮೂಲ ಮುದ್ರಣಗಳಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಫೋಟೊ ಮತ್ತು ಡಿಜಿಟಲ್ ಪ್ರಿಂಟುಗಳು ಬೇರೆ ವರ್ಗಕ್ಕೆ ಸೇರಬಹುದು, ಕೇಳಿ. ಹೇಳಿದ ಬೆಲೆಯಲ್ಲಿ ತೆರಿಗೆ, ಫ್ರೇಮು ಸೇರಿದೆಯೇ ಎಂಬುದು ಮೊದಲ ಪ್ರಶ್ನೆಯಾಗಿರಲಿ. ಕೃತಿಗೆ 47,000 ಎಂದುಕೊಳ್ಳಿ. ತೆರಿಗೆ 2,350 ಸೇರಿ 49,350. ಉಳಿದ 10,650ರಲ್ಲಿ ಫ್ರೇಮು, ಪ್ಯಾಕಿಂಗ್, ಸಾಗಣೆ ಆಗಬೇಕು. ಕರಾವಳಿಯ ಮನೆಗೆ ಬೇಕಾದಂಥ ಫ್ರೇಮು ಅಗ್ಗವಲ್ಲ, ಹಾಗಾಗಿ ಕೃತಿಯ ಬೆಲೆ 47,000 ದಾಟದಿರಲಿ.

ರಿಯಾಯಿತಿ ಕೇಳಬಹುದು. ಚಿತ್ರಸಂತೆಯ ಚೌಕಾಶಿಯಂತೆ ಅರ್ಧದಿಂದ ಶುರುಮಾಡಬೇಡಿ. ‘ಸ್ವಲ್ಪ ನೋಡಿ ಹೇಳಿ’ ಎಂದರೆ ಶೇ 5ರಿಂದ 10ರವರೆಗೆ ಇಳಿಸುವುದು ವಾಡಿಕೆ. ಇಳಿಸದಿದ್ದರೆ ಸಾಗಣೆ ಉಚಿತ ಮಾಡಿಕೊಡಿ ಎನ್ನಿ. ಭಾನುವಾರ ಸಂಜೆ ಬೆಲೆ ಬಿದ್ದುಹೋಗುತ್ತದೆ ಎಂಬ ಮಾತೂ ಓಡಾಡುತ್ತಿರುತ್ತದೆ. ಉಳಿದದ್ದನ್ನು ಗ್ಯಾಲರಿಗೆ ವಾಪಸು ಒಯ್ದು ಅದೇ ಬೆಲೆಗೆ ಮಾರಬಹುದಾದ್ದರಿಂದ ಅವರಿಗೆ ತರಕಾರಿ ಮಾರುವವರ ಅವಸರ ಇಲ್ಲ. ಇಷ್ಟವಾದದ್ದನ್ನು ಒಂದೆರಡು ದಿನ ‘ಹೋಲ್ಡ್’ ಮಾಡಿ ಎಂದು ಕೇಳಿ, ಮನೆಗೆ ಹೋಗಿ ಅಳತೆ ಹಾಕಿ, ನಿದ್ದೆ ಮಾಡಿ ಎದ್ದು ಹೇಳಿ. ‘ಈಗಲೇ ಇಲ್ಲದಿದ್ದರೆ ಹೋಗುತ್ತದೆ’ ಎಂದರೆ ಹೋಗಲಿ ಬಿಡಿ.

ಮೇಳಕ್ಕೆ ಬೆಂಗಳೂರಿನ ಗ್ಯಾಲರಿಗಳೂ ಬರುತ್ತವೆ. ಅವರಲ್ಲಿ ಇಷ್ಟವಾದದ್ದು ಸಿಕ್ಕರೆ ಅಲ್ಲೇ ಕೈಗೆ ತೆಗೆದುಕೊಳ್ಳಬೇಡಿ. ಅವರ ಸರಕಿನ ಜೊತೆ ಅದೂ ಬೆಂಗಳೂರಿಗೆ ವಾಪಸಾಗಲಿ, ಆಮೇಲೆ ಅಲ್ಲಿಂದ ತರಿಸಿಕೊಳ್ಳಿ. ಬೆಲೆ ಅದೇ, ಸಾಗಣೆಯ ಖರ್ಚು ಮತ್ತು ಅಪಾಯ ಎರಡೂ ಕಡಿಮೆ. ಎಷ್ಟೋ ಜನರಿಗೆ ಇದು ಹೊಳೆಯುವುದೇ ಇಲ್ಲ.

ದುಡ್ಡು ಬ್ಯಾಂಕಿನ ಮೂಲಕವೇ ಕೊಡಿ. ಇನ್‌ವಾಯ್ಸ್‌ನಲ್ಲಿ ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ, ಎಡಿಷನ್ ಸಂಖ್ಯೆ ಎಲ್ಲ ಇರಬೇಕು. ಬರೀ ‘ಪೇಂಟಿಂಗ್ 1’ ಎಂದು ಬರೆದದ್ದನ್ನು ಒಪ್ಪಬೇಡಿ. ಜೊತೆಗೆ ಕೃತಿಯ ಫೋಟೊ ಅಂಟಿಸಿದ, ಕಲಾವಿದರು ಅಥವಾ ಗ್ಯಾಲರಿ ಸಹಿ ಮಾಡಿದ ದೃಢೀಕರಣ ಪತ್ರ. ಸ್ಟುಡಿಯೊದಲ್ಲಿ ಕೊಂಡರೂ ಇದೇ. ಸಣ್ಣ ವಹಿವಾಟಿನ ಕಲಾವಿದರಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಅವರು ತೆರಿಗೆ ಹಾಕುವುದಿಲ್ಲ. ಅದರಿಂದ ಬಿಲ್ಲೇ ಇಲ್ಲ ಎಂದಾಗಬಾರದು, ಸಾದಾ ರಸೀದಿ ಸಾಕು.

ದೃಢೀಕರಣ ಪತ್ರ ಇದ್ದರೆ ಅಸಲಿ ಎಂಬುದು ಇನ್ನೊಂದು ಭ್ರಮೆ. ಪತ್ರಕ್ಕೆ ಬೆಲೆ ಬರುವುದು ಸಹಿ ಮಾಡಿದವರಿಂದ. ಬದುಕಿರುವ ಕಲಾವಿದರದಾದರೆ ಅವರನ್ನೇ ಕೇಳಬಹುದು. ತೀರಿಹೋದ ದೊಡ್ಡವರ ಹೆಸರಿನಲ್ಲಿ ಸಣ್ಣ ಬೆಲೆಗೆ ಬರುವ ಕೃತಿಗಳ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ನಿಮ್ಮ ಜಿಲ್ಲೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ರೇಖಾಚಿತ್ರ ಎಂದು ಯಾರಾದರೂ ನಲವತ್ತು ಸಾವಿರಕ್ಕೆ ತೋರಿಸಿದರೆ ಊರಿನ ಅಭಿಮಾನಕ್ಕೆ ಮನಸ್ಸು ಕರಗುವುದು ಸಹಜ. ಅದು ಯಾರ ಬಳಿ ಇತ್ತು, ಯಾವ ಪ್ರದರ್ಶನದಲ್ಲಿತ್ತು, ಯಾವ ಕ್ಯಾಟಲಾಗ್‌ನಲ್ಲಿ ಅಚ್ಚಾಗಿದೆ ಎಂಬ ಸರಪಳಿ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕೊಂಡದ್ದು ವಸ್ತುವನ್ನು ಮಾತ್ರ. ಕೃತಿಸ್ವಾಮ್ಯ ಕಲಾವಿದರದಾಗಿಯೇ ಉಳಿಯುತ್ತದೆ. ಬರವಣಿಗೆಯಲ್ಲಿ ಬಿಟ್ಟುಕೊಟ್ಟ ಹೊರತು ಆ ಚಿತ್ರವನ್ನು ಮದುವೆಯ ಕರೆಯೋಲೆಗೋ ಕ್ಯಾಲೆಂಡರಿಗೋ ಬಳಸುವಂತಿಲ್ಲ.

ಬೆಲೆ ಏರುತ್ತದೆಯೇ?

2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನರ ‘ಗ್ರಾಮಯಾತ್ರಾ’ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 1.37 ಕೋಟಿ ಡಾಲರಿಗೆ ಹೋಯಿತು. ಇಂಥ ಸುದ್ದಿ ಓದಿಯೇ ನಿಮ್ಮ ಯಜಮಾನರು ಹಾಗೆ ಹೇಳಿರಬೇಕು. ಅದು 1954ರ ಚಿತ್ರ, ಹೆಸರು ಹುಸೇನರದು. ಹರಾಜು ಸಂಸ್ಥೆಗಳು ಮತ್ತೆ ಮತ್ತೆ ಮಾರುವುದು ಬೆರಳೆಣಿಕೆಯ ಹೆಸರುಗಳನ್ನು. ಐವತ್ತು ಸಾವಿರದ ಯುವ ಕಲಾವಿದರ ಕೃತಿಯನ್ನು ಮೂರು ವರ್ಷದ ಮೇಲೆ ಮಾರಬೇಕೆಂದರೆ ಕೊಳ್ಳುವವರು ಸಿಗುವುದೇ ಅಪರೂಪ. ಚಿನ್ನದಂತೆ ಪೇಟೆಗೆ ಒಯ್ದು ಸಂಜೆಯೊಳಗೆ ದುಡ್ಡು ಮಾಡಲಾಗದು. ಒಂದು ವೇಳೆ ಲಾಭ ಬಂದರೂ, ಮನೆಯ ಪೀಠೋಪಕರಣಕ್ಕೆ ಸಿಗುವ ವಿನಾಯಿತಿ ಕಲಾಕೃತಿಗೆ ಇಲ್ಲ. 24 ತಿಂಗಳು ಮೀರಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. ಹೂಡಿಕೆಯ ದುಡ್ಡನ್ನು ಹೂಡಿಕೆಯಲ್ಲೇ ಇಡಿ ಎಂದು ಅವರಿಗೆ ನನ್ನ ಹೆಸರಿನಲ್ಲೇ ಹೇಳಿ.

ದೆಹಲಿಯಿಂದ ಉಡುಪಿಗೆ

ಇದರ ಬಗ್ಗೆ ಕೊಂಚ ಹೆಚ್ಚೇ ಹೇಳುತ್ತೇನೆ. ಕರಾವಳಿಯಲ್ಲಿ ಕೃತಿಗಳು ಹಾಳಾಗುವುದು ನಕಲಿಯಿಂದಲ್ಲ, ಫ್ರೇಮಿನಿಂದ.

ಫೆಬ್ರುವರಿಯ ದೆಹಲಿಯಿಂದ ಜುಲೈನ ಉಡುಪಿಗೆ ಬರುವಷ್ಟರಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ. ಅದಕ್ಕೆ ಹಿಗ್ಗಲು ಜಾಗ ಇರದಿದ್ದರೆ ಅಲೆಯಲೆಯಾಗಿ ಏಳುತ್ತದೆ. ಗಾಳಿಯ ತೇವಾಂಶ ಶೇ 65–70 ಮೀರಿ ದಿನಗಟ್ಟಲೆ ನಿಂತರೆ ಬೂಸ್ಟು ಹಿಡಿಯುತ್ತದೆ. ನಿಮ್ಮಲ್ಲಿ ಮಳೆಗಾಲ ಪೂರ್ತಿ ಹಾಗೇ ಇರುತ್ತದಲ್ಲ. ಸಾಮಾನ್ಯ ಫ್ರೇಮಿನ ಅಂಗಡಿಯವರು ಕಾಗದವನ್ನು ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಿ, ಗಾಜನ್ನು ಮುಖಕ್ಕೆ ತಾಗಿಸಿ, ಹಿಂದೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹೊಡೆಯುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿಗೆ ಶಾಯಿ ಅಂಟಿ, ಕಾಗದದ ಮೇಲೆ ಕಂದು ಚುಕ್ಕೆಗಳು ಎದ್ದಿರುತ್ತವೆ. ಅಂಟಿಸಿದ್ದನ್ನು ಬಿಡಿಸುವುದು ಹಾಳಾದ ಕೃತಿ ಸರಿಪಡಿಸುವ ಸಂರಕ್ಷಕರಿಗೂ ತಲೆನೋವು.

ಫ್ರೇಮಿನವರಿಗೆ ಹೀಗೆ ಬರೆದು ಕೊಡಿ. ಆಮ್ಲರಹಿತ ಮೌಂಟ್ ಬೋರ್ಡು (ದಪ್ಪ ರಟ್ಟು), ಹಿಂದೆ ಮುಂದೆ ಎರಡೂ ಕಡೆ. ಕಾಗದವನ್ನು ಮೇಲಂಚಿನಲ್ಲಿ ಮಾತ್ರ, ಎರಡು ಕಡೆ, ಜಪಾನೀ ಟಿಶ್ಯೂ ಪಟ್ಟಿ ಮತ್ತು ಗೋಧಿ ಪಿಷ್ಟದ ಅಂಟಿನಿಂದ ನೇತುಹಾಕಬೇಕು. ಸೆಲೊಟೇಪ್, ಫೆವಿಕಾಲ್ ಹತ್ತಿರ ಸುಳಿಯಬಾರದು. ಗಾಜಿಗೂ ಕಾಗದಕ್ಕೂ ಕನಿಷ್ಠ 3–4 ಮಿಲಿಮೀಟರ್ ಅಂತರ. ಹಿಂಬದಿಗೆ ಪ್ಲೈ, ಎಂಡಿಎಫ್ ಬೇಡ. ಜಾಹೀರಾತು ಫಲಕಕ್ಕೆ ಬಳಸುವ, ಒಳಗೆ ಟೊಳ್ಳು ಸಾಲುಗಳಿರುವ ಪ್ಲಾಸ್ಟಿಕ್ ಹಾಳೆ ಹಾಕಿ ಅಂಚನ್ನು ಟೇಪಿನಿಂದ ಮುಚ್ಚಲಿ. ಇದೆಲ್ಲ ಒಣಹವೆಯಲ್ಲಿ, ಅಂದರೆ ಮೇ ತಿಂಗಳೊಳಗೆ, ಮುಗಿಯಬೇಕು. ಜೂನ್‌ನಲ್ಲಿ ಫ್ರೇಮು ಮಾಡಿಸಿದರೆ ತೇವವನ್ನೂ ಒಳಗೇ ಕೂಡಿಹಾಕಿದ ಹಾಗೆ.

ನೇತುಹಾಕುವ ಗೋಡೆ ಒಳಗೋಡೆಯಾಗಿರಲಿ. ಪಡುವಣ ಗಾಳಿಮಳೆ ಹೊಡೆಯುವ ಹೊರಗೋಡೆ, ಬಚ್ಚಲಿನ ಹಿಂಬದಿಯ ಗೋಡೆ ಎರಡೂ ಬೇಡ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂಬದಿಯಲ್ಲಿ ಕಾರ್ಕಿನ ತುಂಡು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ನೇರ ಬಿಸಿಲು ಬೀಳಬಾರದು. ಜಲವರ್ಣ ಮಂಕಾಗುವುದು ನಿಧಾನವಾಗಿ, ಆದರೆ ಹೋದ ಬಣ್ಣ ಮರಳುವುದಿಲ್ಲ. ಫ್ರೇಮಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುವವರಿದ್ದಾರೆ. ಒಮ್ಮೆ ತೇವ ಹೀರಿ ತುಂಬಿದ ಮೇಲೆ ಅದರಿಂದ ಉಪಯೋಗವಿಲ್ಲ. ಬೂಸ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಅದು ಇನ್ನೂ ಒಳಗೆ ಇಳಿಯುತ್ತದೆ. ಗೋಡೆಯಿಂದ ಇಳಿಸಿ ಒಣಗಿದ ಕೋಣೆಯಲ್ಲಿಟ್ಟು ಸಂರಕ್ಷಕರಿಗೆ ತೋರಿಸಿ. ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ.

ತರುವುದು ಹೇಗೆ? ಫ್ರೇಮಿಲ್ಲದೆ ತನ್ನಿ. 22 × 30 ಇಂಚಿನ ಹಾಳೆ ವಿಮಾನದ ಕ್ಯಾಬಿನ್ ಅಳತೆಗೆ ಹಿಡಿಸುವುದಿಲ್ಲ, ಚೆಕ್-ಇನ್‌ಗೆ ಕೊಟ್ಟರೆ ಮಡಿಕೆ ಬೀಳಬಹುದು. ಹಾಳೆಗೆ ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದ ಸುತ್ತಿ, ಅದಕ್ಕಿಂತ ನಾಲ್ಕು ಇಂಚು ದೊಡ್ಡದಾದ ಎರಡು ಫೋಮ್ ಬೋರ್ಡುಗಳ ನಡುವೆ ಇಟ್ಟು, ಹೊರಗೆ ಪ್ಲಾಸ್ಟಿಕ್ ಮಾಡಿಸಿ. ಹೀಗಿದ್ದರೆ ನಿಜಾಮುದ್ದೀನಿನಿಂದ ಉಡುಪಿಗೆ ಬರುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್‌ನಲ್ಲಿ ಬರ್ತಿನ ಕೆಳಗೆ ಚಪ್ಪಟೆಯಾಗಿ ಇಟ್ಟುಕೊಂಡು ಬರಬಹುದು. ಎಸಿ ಬೋಗಿಯಾದರೆ ಧೂಳಿನ ಭಯವೂ ಕಡಿಮೆ. ಗ್ಯಾಲರಿಯೇ ಕಳಿಸುವುದಾದರೆ ಅವರ ಗೋಡೆಯಿಂದ ನಿಮ್ಮ ಮನೆಯವರೆಗೆ ವಿಮೆ ಇದೆಯೇ ಎಂದು ಬರಹದಲ್ಲಿ ಪಡೆಯಿರಿ. ಬಂದ ಪೆಟ್ಟಿಗೆಯನ್ನು ಬಿಚ್ಚುವಾಗ ವೀಡಿಯೊ ಮಾಡಿ.

ಅಕಸ್ಮಾತ್ ಕ್ಯಾನ್ವಾಸನ್ನೇ ಕೊಂಡಿರೋ, ಚೌಕಟ್ಟಿನಿಂದ ಬಿಚ್ಚಿ ಸುತ್ತಬೇಕಾದರೆ ಬಣ್ಣದ ಮುಖ ಹೊರಗಿರಬೇಕು. ಒಳಗೆ ಮಾಡಿ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕಾಗಿ ಏಳುತ್ತದೆ. ಕೊಳವೆಯ ವ್ಯಾಸ ಆರು ಇಂಚಿಗೆ ಕಡಿಮೆ ಬೇಡ. ಬಬಲ್ ರ್‍ಯಾಪ್ ನೇರವಾಗಿ ಬಣ್ಣಕ್ಕೆ ತಾಗಿದರೆ ಅಕ್ರಿಲಿಕ್ ಮೇಲೆ ಗುಳ್ಳೆಗಳ ಅಚ್ಚು ಬೀಳುತ್ತದೆ, ಅದು ಹೋಗುವುದಿಲ್ಲ.

ದಿನಗಳ ಹೊಂದಿಕೆ

ಮೆಟ್ರೊದ ಮಜೆಂಟಾ ಲೈನ್‌ನಲ್ಲಿ ‘ಓಖ್ಲಾ ಎನ್‌ಎಸ್‌ಐಸಿ’ ನಿಲ್ದಾಣವಿದೆ. ಗುರುಗ್ರಾಮದಿಂದ ಹಳದಿ ಲೈನ್ ಹಿಡಿದು ಹೌಜ್ ಖಾಸ್‌ನಲ್ಲಿ ಬದಲಿಸಿದರೆ ಸಾಕು, ರಸ್ತೆಯ ಟ್ರಾಫಿಕ್ ಬೇಡ. ಮೇಳದಲ್ಲಿ ಮೂರು ಗಂಟೆ ದಾಟಿದರೆ ಕಣ್ಣು ಏನನ್ನೂ ಹಿಡಿಯುವುದಿಲ್ಲ. ಮೊದಲ ಒಂದು ಗಂಟೆ ಎಲ್ಲೂ ನಿಲ್ಲದೆ ಎಲ್ಲ ಡೇರೆಗಳನ್ನೂ ಸುತ್ತಿ, ಕಾಲು ತಾನಾಗಿ ನಿಂತ ಕಡೆ ಮಾತ್ರ ಮಳಿಗೆಯ ಸಂಖ್ಯೆ ಬರೆದುಕೊಳ್ಳಿ. ಚಹಾ ಕುಡಿದು ಆ ಏಳೆಂಟು ಕಡೆಗೆ ಮಾತ್ರ ಮರಳಿ. ಮಾರನೆಯ ದಿನ ಸಾಕೇತದ ಕಿರಣ್ ನಾಡಾರ್ ಮ್ಯೂಸಿಯಂ, ಡಿಫೆನ್ಸ್ ಕಾಲೊನಿಯ ಗ್ಯಾಲರಿಗಳು. ಮೇಳ ಭಾನುವಾರ ಮುಗಿಯಿತೆಂದು ಸೋಮವಾರಕ್ಕೆ ಮ್ಯೂಸಿಯಂ ಇಟ್ಟುಕೊಂಡು ಮುಚ್ಚಿದ ಬಾಗಿಲು ನೋಡಿ ಬರುವವರು ಪ್ರತಿ ವರ್ಷ ಇರುತ್ತಾರೆ. ಕಿರಣ್ ನಾಡಾರ್ ಮ್ಯೂಸಿಯಂಗೂ ಜೈಪುರ್ ಹೌಸಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಸೋಮವಾರ ರಜೆ. ಗಢಿ, ಸ್ಟುಡಿಯೊ ಭೇಟಿಗಳನ್ನು ಮಂಗಳವಾರದಿಂದ ಇಟ್ಟುಕೊಳ್ಳಿ.

ಅಮೆರಿಕಕ್ಕೆ ಒಯ್ಯುವುದು

ಬದುಕಿರುವ ಕಲಾವಿದರ ಹೊಸ ಕೃತಿಗೆ ಅಡ್ಡಿಯಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ನೂರು ವರ್ಷ ದಾಟಿದ ಪುರಾವಸ್ತುಗಳನ್ನು, ಮತ್ತು ರಾಷ್ಟ್ರೀಯ ಕಲಾನಿಧಿ ಎಂದು ಗುರುತಿಸಿದ ಒಂಬತ್ತು ಕಲಾವಿದರ ಕೃತಿಗಳನ್ನು ಹೊರಗೆ ಒಯ್ಯುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ಶೈಲೋಜ್ ಮುಖರ್ಜಿ, ನಿಕೊಲಾಸ್ ರೋರಿಕ್ ಮತ್ತು ಮೂವರು ಟಾಗೋರರು: ರವೀಂದ್ರನಾಥ, ಅವನೀಂದ್ರನಾಥ, ಗಗನೇಂದ್ರನಾಥ. ನಿಮ್ಮ ಕೃತಿ ಈ ಪಟ್ಟಿಗೆ ಬರುವುದಿಲ್ಲ. ಮಗಳು ಇನ್‌ವಾಯ್ಸ್ ಮತ್ತು ದೃಢೀಕರಣ ಪತ್ರದ ಪ್ರತಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲಿ. ಫ್ರೇಮು, ಗಾಜು ಇಲ್ಲೇ ಬಿಟ್ಟು ಹಾಳೆಯನ್ನಷ್ಟೇ ಒಯ್ಯಲಿ; ಮರದ ಪೆಟ್ಟಿಗೆಯಲ್ಲೇ ಕಳಿಸುವುದಾದರೆ ಶಾಖೋಪಚಾರ ಮಾಡಿ ಮುದ್ರೆ ಒತ್ತಿದ ಮರವೇ ಆಗಬೇಕು, ಇಲ್ಲವಾದರೆ ಅಲ್ಲಿನ ಬಂದರಿನಲ್ಲಿ ತಡೆಯುತ್ತಾರೆ.